ಗರಿ ನೂರಿಪ್ಪತ್ತು, ಚಿತ್ರ ನೂರಿಪ್ಪತ್ತು

"ಬುದ್ಧಿ, ಕಂಪ್ಯೂಟರ್ 'ಮುಗಿಯಿತು' ಎಂದು ತೋರಿಸಿದ ಮೇಲೆ ಕೆಲಸ ಮುಗಿದಂತೆಯೇ ಅಲ್ಲವೇ?" ಎಂದು ಶಿಷ್ಯ ಚನ್ನವೀರ ಗುರುಗಳನ್ನು ಕೇಳಿದ.

ಮಠದ ಹಳೆಯ ತಾಳೆಗರಿಗಳ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಇಡುವ ಹೊಣೆ ಅವನದು. ಆ ದೊಡ್ಡ ಫೈಲುಗಳನ್ನು ಎಲ್ಲರೂ ತೆರೆದು ಓದಬಹುದಾದ ಬೇರೆ ಬಗೆಯ ಚಿಕ್ಕ ಫೈಲುಗಳಾಗಿ ಬದಲಿಸಬೇಕಿತ್ತು. ಒಂದೊಂದಾಗಿ ಮಾಡಿದರೆ ತಿಂಗಳುಗಟ್ಟಲೆ ಹಿಡಿಯುತ್ತದೆಂದು ಅವನು ಎಲ್ಲಕ್ಕೂ ಸೇರಿಸಿ ಕಂಪ್ಯೂಟರಿಗೆ ಒಂದೇ ಆಜ್ಞೆ ಬರೆದುಕೊಟ್ಟ. ಪೂಜೆ ಮುಗಿಸಿ ಬರುವಷ್ಟರಲ್ಲಿ ಎಲ್ಲವೂ ಬದಲಾಗಿತ್ತು. ಈಗ ಹುಳು ತಿಂದ ಗರಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ವಾಡಿಕೆಯಂತೆ ಹೊಳೆಗೆ ಬಿಡಲು ಅಪ್ಪಣೆ ಬೇಡಿ ಬಂದಿದ್ದ.

"ಎಣಿಸಿಯೂ ನೋಡಿದೆ ಬುದ್ಧಿ, ಒಂದೂ ಕಡಿಮೆಯಿಲ್ಲ. ಆದರೂ ಯಾಕೋ ಮನಸ್ಸು ಗೊಂದಲದಲ್ಲಿದೆ" ಎಂದ.

"ಗಂಟು ಕೆಳಗಿಟ್ಟು ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ನಾಟಿವೈದ್ಯನಿದ್ದ. ಅವನ ಮನೆಯಲ್ಲಿ ನೂರಿಪ್ಪತ್ತು ಗರಿಗಳ ಒಂದು ಕಟ್ಟಿತ್ತು. ಯಾವ ರೋಗಕ್ಕೆ ಯಾವ ಬೇರು, ಎಷ್ಟು ದಿನ ಕೊಡಬೇಕು ಎಂದು ಅವನ ಮುತ್ತಜ್ಜ ಬರೆದಿಟ್ಟದ್ದು. ವೈದ್ಯನಿಗೆ ಬಾಯಿಗೆ ಬರುತ್ತಿದ್ದುದು ಏಳೆಂಟು ಔಷಧ ಮಾತ್ರ. ಉಳಿದುದಕ್ಕೆಲ್ಲ ಕಟ್ಟು ಬಿಚ್ಚಲೇಬೇಕು. ಬಿಚ್ಚಿದಾಗಲೆಲ್ಲ ಗರಿ ಪುಡಿಪುಡಿಯಾಗಿ ಉದುರುತ್ತಿತ್ತು. ಮಗಳಿಗೆ ವಿದ್ಯೆ ದಾಟಿಸುವ ಮೊದಲೇ ಇದು ಮಣ್ಣಾಗುತ್ತದಲ್ಲ ಎಂಬ ಚಿಂತೆ ಅವನಿಗೆ ಹತ್ತಿತು. ಕಂಪ್ಯೂಟರ್ ಬಲ್ಲವನೊಬ್ಬನ ಬಳಿ ಕಟ್ಟನ್ನು ಒಯ್ದ.

ಗರಿಗೆ ಸಂಖ್ಯೆ ಒಂದೇ, ಮುಖ ಎರಡು. ಕಂಪ್ಯೂಟರಿನವನು ಎರಡೂ ಮುಖದ ಫೋಟೋ ತೆಗೆದು, ಮುಂಬದಿಯ ಚಿತ್ರಗಳನ್ನು ಒಂದು ಫೋಲ್ಡರಿನಲ್ಲಿಟ್ಟ, ಹಿಂಬದಿಯವನ್ನು ಇನ್ನೊಂದರಲ್ಲಿಟ್ಟ. ಎರಡರಲ್ಲೂ ಒಂದರಿಂದ ನೂರಿಪ್ಪತ್ತರವರೆಗೆ ಗರಿಯ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟ. ಮೊದಲ ದಿನ ಕೈಯಾರೆ ಒಂದೊಂದನ್ನೇ ತೆರೆದು ಚಿಕ್ಕ ಫೈಲಾಗಿ ಬದಲಿಸಿದ. ಆಗ ಅಕ್ಷರದ ಮೇಲೆ ಕಣ್ಣು ಬೀಳುತ್ತಿತ್ತು. ಅಳಲೆಕಾಯಿ ಹೇಗಿರುತ್ತದೆ ಎಂದು ವೈದ್ಯನನ್ನು ಕೇಳಿಯೂ ಇದ್ದ. ಮರುದಿನ ಬೇಸರ ಬಂತು. ಜಾಣರಿಗೆ ಬೇಸರ ಬೇಗ ಬರುತ್ತದೆ, ನಿನಗೂ ಗೊತ್ತಿದೆ. ಎರಡೂ ಫೋಲ್ಡರಿನ ಚಿತ್ರಗಳನ್ನು ಮೊದಲಿನಿಂದ ಬದಲಿಸಿ, ಅದೇ ಹೆಸರಿನಲ್ಲಿ ಒಂದೇ ಹೊಸ ಫೋಲ್ಡರಿಗೆ ಹಾಕಿ, ದೊಡ್ಡ ಫೈಲುಗಳನ್ನು ಅಳಿಸಿಬಿಡು ಎಂದು ಆಜ್ಞೆ ಬರೆದ.

ಕಂಪ್ಯೂಟರ್ ಬಹಳ ವಿಧೇಯ. ಮುಂಬದಿಯ ಒಂದನೆಯ ಚಿತ್ರವನ್ನು ಇಟ್ಟಿತು. ಹಿಂಬದಿಯ ಒಂದನೆಯದು ಬಂದಾಗ, ಹೆಸರು ಅದೇ ಆದ್ದರಿಂದ, ಮೊದಲಿನದನ್ನು ತೆಗೆದುಹಾಕಿ ಆ ಜಾಗದಲ್ಲಿ ಇದನ್ನು ಇಟ್ಟಿತು. ನೂರಿಪ್ಪತ್ತು ಸಲವೂ ಹಾಗೆಯೇ ಮಾಡಿತು. ಕೊನೆಗೆ 'ಮುಗಿಯಿತು, ತಪ್ಪಿಲ್ಲ' ಎಂದು ತೋರಿಸಿತು.

ಇಬ್ಬರೂ ಕೂತು ಎಣಿಸಿದರು. ಗರಿ ನೂರಿಪ್ಪತ್ತು, ಚಿತ್ರವೂ ನೂರಿಪ್ಪತ್ತು. ವೈದ್ಯ ಕಂಪ್ಯೂಟರಿನವನಿಗೆ ಕೈಮುಗಿದ. ಗರಿಗಳಿಗೆ ಅರಿಶಿನ ಕುಂಕುಮ ಹಚ್ಚಿ, ಮಗಳ ಕೈಯಿಂದಲೇ ಹೊಳೆಗೆ ಬಿಡಿಸಿದ.

ಕೆಲವು ದಿನ ಕಳೆದು ಒಬ್ಬ ತಾಯಿ ಉಬ್ಬಸದ ಮಗುವನ್ನು ಎತ್ತಿಕೊಂಡು ಬಂದಳು. ಅದರ ಔಷಧ ನಲವತ್ತೊಂದನೆಯ ಗರಿಯಲ್ಲಿದೆ ಎಂಬುದಷ್ಟೇ ವೈದ್ಯನಿಗೆ ನೆನಪು. ಮಗಳು ಚಿತ್ರ ತೆರೆದು ಓದಿದಳು: "ಅದನ್ನು ಅರೆದು ಜೇನಿನಲ್ಲಿ ಕಲಸಿ ಏಳು ದಿನ ಕೊಡುವುದು. ಎಂಟನೆಯ ದಿನ ಕೊಡಕೂಡದು."

"ಅದನ್ನು ಅಂದರೆ ಯಾವುದನ್ನಪ್ಪ?" ಎಂದು ಕೇಳಿದಳು.

ವೈದ್ಯ ಅವಳಿಂದ ಹಿಂದಿನ ಚಿತ್ರ ತೆರೆಸಿದ, ಮುಂದಿನದನ್ನು ತೆರೆಸಿದ. ಎಲ್ಲ ಕಡೆಯೂ ಮಾತು ನಡುವಿನಿಂದಲೇ ಶುರುವಾಗುತ್ತಿತ್ತು. ಪಥ್ಯವಿತ್ತು, ರೋಗದ ಹೆಸರಿರಲಿಲ್ಲ. ಅಳತೆಯಿತ್ತು, ಬೇರಿನ ಹೆಸರಿರಲಿಲ್ಲ. ಮುತ್ತಜ್ಜ ಬರೆದದ್ದೇ ಹೀಗೋ, ತನ್ನ ತಲೆಯೇ ಕೆಟ್ಟಿದೆಯೋ ಎಂದು ಅವನಿಗೆ ಭ್ರಾಂತಿ ಹಿಡಿಯಿತು. ಮಗು ಏದುಸಿರು ಬಿಡುತ್ತಲೇ ಇತ್ತು. ಕೊನೆಗೆ ಆ ತಾಯಿಯನ್ನು ದೂರದ ಆಸ್ಪತ್ರೆಗೆ ಕಳಿಸಿದ. ಅವಳು ಹೋದ ದಾರಿಯನ್ನೇ ನೋಡುತ್ತ ನಿಂತನಂತೆ. ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕಂಪ್ಯೂಟರಿನವನನ್ನು ಕೇಳಿದ್ದಕ್ಕೆ ಅವನು, "ಯಜಮಾನರೇ, ಒಂದು ತಪ್ಪೂ ತೋರಿಸಲಿಲ್ಲವಲ್ಲ. ನೀವೇ ಎದುರಿಗೆ ಕೂತು ಎಣಿಸಿದಿರಿ" ಎಂದ. ಅದೂ ಸುಳ್ಳಲ್ಲ. ವೈದ್ಯ ಹೊಳೆಗೆ ಹೋಗಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕೈಯಾಡಿಸಿದ. ಸಿಕ್ಕಿದ್ದು ಕಟ್ಟಿನ ಮೇಲೆ ಕೆಳಗೆ ಇಡುತ್ತಿದ್ದ ಮರದ ಹಲಗೆಗಳಲ್ಲಿ ಒಂದು ಮಾತ್ರ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.  ಚನ್ನವೀರನ ಗೊಂದಲ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು.

"ಹಾಗಾದರೆ ತಪ್ಪು ಯಾರದು ಬುದ್ಧಿ? ಕಂಪ್ಯೂಟರ್ ಹೇಳಿದಂತೆ ಮಾಡಿತು. ಅವರಿಬ್ಬರೂ ನನ್ನಂತೆಯೇ ಎಣಿಸಿ ನೋಡಿದರು. ಲೆಕ್ಕವೂ ಸರಿಯಾಗಿತ್ತು" ಎಂದ.

ಗುರುಗಳು ಗಂಟನ್ನು ತಮ್ಮ ಕಡೆಗೆ ಎಳೆದುಕೊಂಡು ಕೇಳಿದರು: "ನೀನು ಎಣಿಸಿದೆ ಸರಿ, ಒಂದನ್ನಾದರೂ ಓದಿದೆಯಾ?"