ದುಂಬಿ ಬಿದಿರು ಕೊರೆಯುವುದೇಕೆ

ಲೋಕ ಆಗಷ್ಟೇ ಆಗಿತ್ತು. ಅರ್ಧ ಬೆಟ್ಟಗಳಿಗೆ ಇನ್ನೂ ಹೆಸರಿರಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಆಗಲೇ ಇತ್ತು.

ಆ ಕಾಡಿನಲ್ಲಿ ಹಾಡುತ್ತಿದ್ದದ್ದು ಕರಿದುಂಬಿ ಒಂದೇ. ಹಾಡೆಂದರೆ ಝುಂಯ್ ಎಂಬ ಒಂದು ಸ್ವರ, ಅಷ್ಟೇ. ಬೇರೆ ಯಾರೂ ಹಾಡದಿದ್ದರಿಂದ ಅದೇ ದೊಡ್ಡ ಸಂಗೀತ. ದುಂಬಿ ಬಂದರೆ ಹೊಂಗೆಹೂಗಳೆಲ್ಲ ಅದರ ಕಡೆ ತಿರುಗುತ್ತಿದ್ದವು. ದುಂಬಿಗೆ ಜೇನಿಗಿಂತ ಅದೇ ರುಚಿ.

ಒಂದು ದಿನ ಎಮ್ಮೆ ಮೇಯಿಸುವ ಜಡೆಯ ಒಣಬಿದಿರಿನ ತುಂಡಿಗೆ ಒಂದು ತೂತು ಮಾಡಿ ಊದಿದ. ಎಮ್ಮೆಗಳನ್ನು ಕರೆಯಲು, ಬೇರೇನಕ್ಕೂ ಅಲ್ಲ. ಅದು ಕೂ ಎಂದಿತು. ಹೂಗಳು ಅತ್ತ ತಿರುಗಿದವು.

ದುಂಬಿ ಇನ್ನೂ ಜೋರಾಗಿ ಝುಂಯ್ ಎಂದಿತು.

"ಸ್ವಲ್ಪ ಸುಮ್ಮನಿರು ಮಾರಾಯ," ಎಂದಿತು ಒಂದು ಹೂ. "ಕೇಳಿಸ್ತಿಲ್ಲ."

ಅಂದು ದುಂಬಿ ಜೇನು ಕುಡಿಯದೆ ಹಾರಿಹೋಯಿತು.

"ಆ ಬಿದಿರಿಗೆ ರೆಕ್ಕೆ ಇದೆಯಾ? ಬಣ್ಣ ಇದೆಯಾ? ಒಳಗೆ ನೋಡಿದರೆ ಏನೂ ಇಲ್ಲ," ಎಂದು ಗಾಳಿಯ ಹತ್ತಿರ ದೂರಿತು.

"ಒಳಗೆ ನಾನಿದ್ದೀನಲ್ಲ," ಎಂದಿತು ಗಾಳಿ.

"ಹಾಗಾದರೆ ನೀನು ಸೋರಿಹೋಗೋ ಹಾಗೆ ಮಾಡ್ತೀನಿ."

ಮಧ್ಯಾಹ್ನ ಜಡೆಯ ಮಲಗಿದ್ದಾಗ ದುಂಬಿ ಅವನ ಕೊಳವೆಗೆ ಇನ್ನೊಂದು ತೂತು ಕೊರೆಯಿತು. ತೂತಾದ ಮಡಕೆಯಲ್ಲಿ ನೀರು ನಿಲ್ಲುವುದಿಲ್ಲ, ತೂತಾದ ಕೊಳವೆಯಲ್ಲಿ ಹಾಡೂ ಉಳಿಯಬಾರದು. ಲೆಕ್ಕವೇನೋ ಸರಿಯಾಗಿತ್ತು.

ಜಡೆಯ ಎದ್ದು ಊದಿದ. ಸ್ವರ ಬೇರೆಯಾಗಿತ್ತು. ತೂತಿನ ಮೇಲೆ ಬೆರಳಿಟ್ಟ; ಹಳೆಯ ಸ್ವರ. ಬೆರಳೆತ್ತಿದ, ಹೊಸದು.

"ಹುಳ ಕೊರೆದಿದ್ದನ್ನು ಯಾಕೆ ಬಾಯಿಗಿಡ್ತೀಯ, ಬಿಸಾಕು," ಎಂದಳು ಹೆಂಡತಿ ಕೇತಮ್ಮ. ಆಮೇಲೆ, "ಇನ್ನೊಂದು ಸಲ ಊದು, ನೋಡೋಣ," ಎಂದಳು.

ಮರುದಿನ ದುಂಬಿ ಮತ್ತೆ ಕೊರೆಯಿತು. ಇನ್ನೊಂದು ಸ್ವರ ಬಂತು. ಮತ್ತೆ ಕೊರೆಯಿತು, ಮತ್ತೊಂದು ಬಂತು. ಈಗ ದುಂಬಿ ಮೈಮೇಲೆ ಬಂದು ಕೂತರೂ ಹೂಗಳು ತಿರುಗಿ ನೋಡುತ್ತಿರಲಿಲ್ಲ.

"ನಿಲ್ಲಿಸಬಾರದಾ?" ಎಂದು ಗಾಳಿ ಕೇಳಿತು. "ನೀನು ಕೊರೆದಷ್ಟೂ ಅದು ಚೆನ್ನಾಗಿ ಹಾಡ್ತಿದೆ."

"ಇನ್ನೊಂದೇ ತೂತು," ಎಂದಿತು ದುಂಬಿ. "ಅಲ್ಲಿಗೆ ಅದರ ಕಥೆ ಮುಗೀತು."

ಆ ಸಂಜೆ ಜಡೆಯ ಊದಿದ್ದನ್ನು ಕೇಳಿ ಹೊಳೆ ತನ್ನ ಸದ್ದು ತಗ್ಗಿಸಿತು. ಎಮ್ಮೆಗಳು ಮೆಲುಕು ಹಾಕುವುದನ್ನು ನಿಲ್ಲಿಸಿದವು. ಅವುಗಳ ಮಟ್ಟಿಗೆ ಅದು ದೊಡ್ಡ ವಿಷಯ.

ಊದಿ ಮುಗಿಸಿದ ಜಡೆಯ, "ಯಾವ ಹುಳವೋ ಏನೋ, ಪುಣ್ಯಾತ್ಮ, ಒಳ್ಳೆ ಕೊಳಲು ಮಾಡಿಕೊಟ್ಟಿತು," ಎಂದ.

ಬೈದಿದ್ದರೆ ದುಂಬಿ ತಡೆದುಕೊಳ್ಳುತ್ತಿತ್ತು. ಇದನ್ನು ತಡೆದುಕೊಳ್ಳಲಾಗಲಿಲ್ಲ. ತಪ್ಪು ತನ್ನದಲ್ಲ, ಬಿದಿರು ಸ್ವರಗಳನ್ನೆಲ್ಲ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದೆ, ಅವನ್ನು ಹೊತ್ತು ತಂದರೆ ಹೂಗಳು ಮತ್ತೆ ತನ್ನ ಕಡೆ ತಿರುಗುತ್ತವೆ ಎಂದುಕೊಂಡಿತು. ಹತ್ತಿರದ ಒಣಬಿದಿರನ್ನು ಕೊರೆದು ಒಳಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಹೊರಗೆ ಬಂದು ಇನ್ನೊಂದನ್ನು ಕೊರೆಯಿತು.

ಈಗಲೂ ಹಳೆಯ ಬಿದಿರಿನಲ್ಲಿ ದುಂಡಗಿನ ತೂತು ಕಂಡರೆ ಕಿವಿಯಿಟ್ಟು ಕೇಳಿ: ಒಳಗೆ ದುಂಬಿ ತನ್ನ ಒಂದೇ ಸ್ವರದಲ್ಲಿ ಗೊಣಗುತ್ತ, ಉಳಿದ ಸ್ವರಗಳನ್ನು ಹುಡುಕುತ್ತಿರುತ್ತದೆ.