ಪೆಟ್ಟಿಗೆ ಮನೆಯ ಒಂದೇ ಒಲೆ

ಒಂದಾನೊಂದು ಕಾಲದಲ್ಲಿ, ತೀರಾ ಹಿಂದೇನಲ್ಲ ಬಿಡು ಪುಟ್ಟಿ, ಲಗ್ನಪತ್ರಿಕೆ ಅಚ್ಚು ಹಾಕೋ ಕೊಟ್ರೇಶಪ್ಪನ ಅಂಗಡೀಲಿ ಒಂದು ಕಂಪ್ಯೂಟರ್ ಇತ್ತಂತೆ, ಅದರ ಪೆಟ್ಟಿಗೆಯೊಳಗೆ ಒಂದು ಸಂಸಾರ ಇತ್ತಂತೆ. ಮೂವರು ಸೊಸೆಯರು. ಹಿರಿಯವಳು ಹಾಡಮ್ಮ, ಹಾಡು ಹಾಕೋಳು. ನಡುವಿನವಳು ಬಣ್ಣಮ್ಮ, ಚಿತ್ರ ಬಿಡಿಸೋಳು. ಕಿರಿಯವಳು ಅಕ್ಷರಮ್ಮ, ಪತ್ರಿಕೆ ಬರೆಯೋಳು. ಮನೆಗಿದ್ದದ್ದು ಒಂದೇ ಒಲೆ, ಹಾಡಾಗಲಿ ಪತ್ರಿಕೆಯಾಗಲಿ ಅದರ ಮೇಲೇ ಬೇಯಬೇಕು; ಪಾತ್ರೆ ಪದಾರ್ಥ ಹರಡ್ಕೊಳ್ಳೋಕೆ ಒಂದೇ ಕಟ್ಟೆ, ಎತ್ತಿಡೋಕೆ ಹಿಂದುಗಡೆ ಒಂದು ಉಗ್ರಾಣ. ಅತ್ತೆಗೆ ಆಪರೇಟಿಂಗ್ ಸಿಸ್ಟಮ್ ಅಂತ ಮಾರುದ್ದ ಹೆಸರು, ಮನೇಲಿ ಎಲ್ಲರೂ ಯಜಮಾನಮ್ಮ ಅನ್ನೋರಂತೆ.

ಆ ಅತ್ತೆ ಎಂಥ ಗಟ್ಟಿಗಿತ್ತಿ ಅಂತೀಯ! ಹಾಡಮ್ಮನ ಪಾತ್ರೆ ಒಲೆ ಮೇಲಿಟ್ಟು, ಕಣ್ಣು ಮಿಟುಕಿಸೋದ್ರೊಳಗೆ ಇಳಿಸಿ, ಎಷ್ಟು ಬೆಂದಿದೆ ಅಂತ ನೆನಪಿಟ್ಕೊಂಡು, ಬಣ್ಣಮ್ಮನದು ಇಟ್ಟು, ಆಮೇಲೆ ಅಕ್ಷರಮ್ಮನದು ಇಟ್ಟು, ಮತ್ತೆ ಹಾಡಮ್ಮನದು ಇಡೋಳಂತೆ. ಒಲೆ ತನ್ನೊಬ್ಬಳದೇ ಅಂತ ಮೂವರೂ ಬೀಗ್ತಿದ್ರಂತೆ, ಪೆದ್ದಿಯರು. ಹೊರಗಿದ್ದ ಕೊಟ್ರೇಶಪ್ಪನಿಗೂ ಮೂರೂ ಕೆಲಸ ಒಟ್ಟಿಗೇ ಆಗೋ ಹಾಗೆ ಕಾಣೋದಂತೆ.

ಆಮೇಲೆ ಶುರುವಾಯ್ತು ನೋಡು ರಂಪ. ಅಲ್ಲಾ ಅಕ್ಕ, ಈ ಮುದುಕಿ ಒಂದು ಹಾಡು ಹೇಳಲ್ಲ, ಒಂದು ಗೆರೆ ಎಳೆಯಲ್ಲ, ಸುಮ್ನೆ ಕೂತು ಕಟ್ಟೆ ಸವೆಸ್ತಾಳೆ ಅಂದಳಂತೆ ಬಣ್ಣಮ್ಮ. ದಬ್ಬೋಣ ಉಗ್ರಾಣಕ್ಕೆ ಅಂದಳಂತೆ ಹಾಡಮ್ಮ. ದಬ್ಬೇಬಿಟ್ರಂತೆ, ಮಾನಗೆಟ್ಟೋರು, ಅದೂ ಸಂಜೆಯೊಳಗೆ ಹೆಣ್ಣಿನ ಕಡೆಯೋರಿಗೆ ಮದುವೆ ಪತ್ರಿಕೆ ಕೊಡಬೇಕಾದ ದಿನವೇ.

ಆಮೇಲೆ ಹಾಡಮ್ಮ ಒಲೆ ಹಿಡಿದು ಕೂತಳಂತೆ. ಬಣ್ಣಮ್ಮ ಕಟ್ಟೆ ತುಂಬ ಬಣ್ಣ ಹರಡಿ ಕಾಲಿಡೋಕೂ ಜಾಗ ಬಿಡಲಿಲ್ಲವಂತೆ. ಅಕ್ಷರಮ್ಮ ಅಚ್ಚಿನ ಯಂತ್ರದ ಹತ್ರ ಓಡಿದ್ರೆ ಅದರ ಭಾಷೆ ಇವಳಿಗೆ ಬರಲ್ಲ. ಆ ಭಾಷೆ ಬಲ್ಲ ಆಳು ಒಬ್ಬ ಇದ್ದ, ಡ್ರೈವರ್ ಅಂತ, ಅವನು ಯಜಮಾನಮ್ಮ ಹೇಳದೆ ನಾನು ಏಳಲ್ಲ ತಾಯಿ ಅಂದನಂತೆ.

ಪರದೆ ಮರಗಟ್ಟಿತು. ಕೊಟ್ರೇಶಪ್ಪ ಮೌಸ್ ಕುಟ್ಟಿದ, ಬೈದ. ಹೆಣ್ಣಿನ ಕಡೆಯೋರು ಬಂದು ನಿಂತ್ರೆ ಏನು ಹೇಳ್ಲಿ, ಈ ದರಿದ್ರಾನ ಗುಜರಿಗೆ ಹಾಕ್ತೀನಿ ಅಂದನಂತೆ. ಒಳಗೆ ಮೂವರಿಗೂ ಆ ಮಾತು ಕೇಳಿಸ್ತು. ಗುಜರಿಗೆ ಹೋದ್ರೆ ಮನೆಯೇ ಇಲ್ಲವಲ್ಲ! ಬಿಡೇ ಅಕ್ಕ ಒಲೇನ ಅಂತ ಅಳ್ತಾರಂತೆ ತಂಗಿಯರು. ಬಿಡೋದು ಹೇಗೇ, ಇಷ್ಟು ದಿನ ಇಳಿಸ್ತಿದ್ದದ್ದು ಅತ್ತೆ ಅಂತ ಹಾಡಮ್ಮನೂ ಅಳ್ತಾಳಂತೆ.

ಅಷ್ಟರಲ್ಲಿ ಕೊಟ್ರೇಶಪ್ಪನ ಹೆಂಡತಿ ನೀಲವ್ವ ಬಂದು, ರೀ, ಸಿಟ್ಟು ಆಮೇಲೆ ಮಾಡ್ಕೊಳ್ಳಿ, ಒಂದ್ಸಲ ಆರಿಸಿ ಹಚ್ಚಿ ನೋಡಿ ಅಂತ ತಾನೇ ಗುಂಡಿ ಒತ್ತಿದಳಂತೆ. ಪೆಟ್ಟಿಗೆ ಕತ್ತಲಾಯ್ತು, ಸೊಸೆಯರು ನಿದ್ದೆಗೆ ಬಿದ್ರು, ಒಲೆ ಕಟ್ಟೆ ಎಲ್ಲ ಖಾಲಿ. ಮತ್ತೆ ಹಚ್ಚಿದಾಗ ಮೊದಲು ಎದ್ದೋನು ಬಾಗಿಲು ಕಾಯೋ ಮುದುಕ ಒಬ್ಬ, ಪೆಟ್ಟಿಗೆ ಹಚ್ಚಿದಾಗಷ್ಟೇ ಏಳೋನು. ಅವನಿಗೆ ಬರೋದು ಒಂದೇ ಕೆಲಸ, ಉಗ್ರಾಣಕ್ಕೆ ಹೋಗಿ ಯಜಮಾನಮ್ಮನ್ನ ಎಬ್ಬಿಸೋದು. ಈ ಅತ್ತೆ, ಆಳು, ಕಾವಲುಗಾರ ಎಲ್ಲ ಸೇರಿ ಸಿಸ್ಟಮ್ ಸಾಫ್ಟ್‌ವೇರ್ ಅಂತ ಒಂದು ಬಳಗವಂತೆ, ಹಾಡು ಬಣ್ಣ ಬರದಿದ್ರೂ ಮನೆ ನಡೆಸೋರು ಇವರೇ.

ಅತ್ತೆ ಸೆರಗು ಸಿಕ್ಕಿಸ್ಕೊಂಡು ಬಂದು ಕೂತು, ಬನ್ರೇ ಮಹಾರಾಣಿಯರಾ, ಯಾರಿಗೆ ಬೇಕು ಒಲೆ ಅಂದಳಂತೆ. ಮೂವರೂ ತಲೆ ತಗ್ಗಿಸಿ, ನೀವು ಕೊಟ್ಟಾಗ ಅತ್ತೆ ಅಂದ್ರಂತೆ. ಅಕ್ಷರಮ್ಮ ಬರೆದ ಪತ್ರಿಕೇನ ಅತ್ತೆ, ತನ್ನನ್ನ ದಬ್ಬೋಕೆ ಮುಂಚೆ, ಬೆಳಗ್ಗೆಯೇ ಉಗ್ರಾಣದಲ್ಲಿ ಭದ್ರವಾಗಿ ಎತ್ತಿಟ್ಟಿದ್ದಳಂತೆ, ಹೆಣ್ಣಿನ ಕಡೆಯೋರು ಬರೋ ಹೊತ್ತಿಗೆ ಅದು ಬಿಸಿಬಿಸಿಯಾಗಿ ಅಚ್ಚಾಗಿ ಬೀಳ್ತಿತ್ತಂತೆ, ಜೊತೆಗೆ ಹಾಡೂ ಕೇಳ್ತಿತ್ತಂತೆ. ಕೊಟ್ರೇಶಪ್ಪ ಗುಜರಿ ಮಾತು ಮತ್ತೆ ಎತ್ತಲಿಲ್ಲವಂತೆ. ಅಲ್ಲಿಗೆ ಅವರ ಸಂಸಾರ ಸರಿಹೋಯ್ತು, ನನ್ನ ಕತೇನೂ ಮುಗೀತು, ಕಣ್ಮುಚ್ಚು ಇನ್ನು.