ಹಲ್ಲಿ ಹೌದೆಂದ ಮೇಲೆ

ಗೋಡೆಯ ಮೇಲಿನ ಹಲ್ಲಿಗೆ ಆ ಮನೆಯಲ್ಲಿ ತನ್ನ ಮಾತೇ ಮಾತು ಎಂಬ ಗರ್ವವಿತ್ತು. ಅದು ಲೊಚಗುಟ್ಟಿದರೆ ಸಾಕು, ಮನೆಯೊಡತಿ ವನಜಾಕ್ಷಮ್ಮ, "ನೋಡಿದಿರಾ, ಹಲ್ಲಿಯೂ ಹೌದೆಂದಿತು, ಇದು ಸತ್ಯ" ಎನ್ನುತ್ತಿದ್ದರು.

ಎರಡು ಗಿನಿಯಿಲಿಗಳು ಮನೆಗೆ ಬಂದ ದಿನ ಅವರು, "ಇವನ್ನು ಒಳಗೆ ಸಾಕೋಣವೇ?" ಎಂದರು. ಹಲ್ಲಿ ಲೊಚಗುಟ್ಟಿತು. "ಅಥವಾ ಹಿತ್ತಲಲ್ಲೇ ಇಡೋಣವೇ?" ಎಂದರು. ಹಲ್ಲಿ ಅದಕ್ಕೂ ಲೊಚಗುಟ್ಟಿತು. ಎರಡೂ ಸತ್ಯವಾದ್ದರಿಂದ ಅಕ್ಕ ಗಿನಿಯಿಲಿ ಒಳಗೊಂದು ಗೂಡಿನಲ್ಲಿ ಉಳಿಯಿತು, ತಂಗಿ ಹಿತ್ತಲ ಗೂಡಿಗೆ ಹೋಯಿತು.

ಮರುದಿನ ಸಂಜೆಯಾದರೂ ಅಕ್ಕ ಸೌತೆಕಾಯಿಯನ್ನು ಮೂಸಿಯೂ ನೋಡಲಿಲ್ಲ.

"ಇಲ್ಲಿ ಬೆಕ್ಕಿನ ಕಾಟವಿಲ್ಲ, ಬಿಸಿಲಿಲ್ಲ. ಇನ್ನೇನು ಬೇಕು ನಿನಗೆ?" ಎಂದು ಹಲ್ಲಿ ಗದರಿತು.

"ತಂಗಿ ಬೇಕು," ಎಂದಿತು ಅಕ್ಕ. "ಹಸಿ ಹುಲ್ಲಿನ ನಡುವೆ ಅವಳೂ ಉಪವಾಸ ಕೂತಿದ್ದಾಳಂತೆ. ಗುಬ್ಬಿ ಹೇಳಿತು."

"ಅದನ್ನು ನಿನ್ನೆಯೇ ಹೇಳಬಾರದಿತ್ತೇ?"

"ನಾನು ಬಾಯಿ ತೆರೆಯುವ ಮೊದಲೇ ತಾವು ಎರಡು ಸಲ ಹೌದೆಂದಾಗಿತ್ತು."

ಅಷ್ಟರಲ್ಲಿ ವನಜಾಕ್ಷಮ್ಮ ಸೊರಗಿದ ತಂಗಿಯನ್ನು ಎತ್ತಿಕೊಂಡು ಒಳಗೆ ಬಂದರು. "ಎರಡನ್ನೂ ಒಂದೇ ಗೂಡಿನಲ್ಲಿ ಇಡೋಣವೇ?" ಎಂದು ರೂಢಿಯಂತೆ ಗೋಡೆಯತ್ತ ನೋಡಿದರು. ಹಲ್ಲಿ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಸುಮ್ಮನೆ ಕೂತಿತು. ಆ ಮೌನದಲ್ಲಿ ಅಕ್ಕ ಗಟ್ಟಿಯಾಗಿ ಕುಂಯ್‌ಗುಟ್ಟಿತು. ವನಜಾಕ್ಷಮ್ಮ ಮೊದಲ ಬಾರಿಗೆ ಗೋಡೆಯನ್ನು ಬಿಟ್ಟು ಗೂಡಿನ ಕಡೆಗೆ ಬಗ್ಗಿದರು.